ಟಿಕ್ಲರ್, ಪ್ಲಂಜರ್, ಬಟರ್‌ಫ್ಲೈ: ಮಡಿಕೇರಿ ಚಳಿಯಲ್ಲಿ ಮೂರು ಕಾರ್ಬ್ಯುರೇಟರ್

ಮಡಿಕೇರಿಯಲ್ಲಿ ಡಿಸೆಂಬರ್ ಬಂತೆಂದರೆ ಹಳೇ ಗಾಡಿ ಇಟ್ಟುಕೊಂಡವರ ಅಂಗಳದಲ್ಲಿ ಬೆಳಗ್ಗೆ ಕಿಕ್ಕರ್ ಸದ್ದು ಜಾಸ್ತಿ, ಎಂಜಿನ್ ಸದ್ದು ಕಡಿಮೆ. ನಮ್ಮ ಶೆಡ್ಡಿನಲ್ಲಿ ಅಂಥ ಗಾಡಿಗಳು ಮೂರಿವೆ. ಯೆಜ್ಡಿ 250, ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ 350, ಮತ್ತೊಂದು ಹಳೇ ಸ್ಪ್ಲೆಂಡರ್. ಮೂರೂ ಒಂದೇ ಮಾಡಿನ ಕೆಳಗೆ ಮಲಗುತ್ತವೆ, ಒಂದೇ ಬಂಕಿನ ಪೆಟ್ರೋಲ್ ಕುಡಿಯುತ್ತವೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರ್ ಮೂರರಲ್ಲೂ ಇದೆ. ಆದರೆ ಚಳಿಯಲ್ಲಿ ಎಂಜಿನ್ನಿಗೆ ಹೆಚ್ಚುವರಿ ಪೆಟ್ರೋಲ್ ಕೊಡುವ ದಾರಿ, ಅಂದರೆ ಚೋಕ್, ಮೂರಕ್ಕೂ ಬೇರೆ ಬೇರೆ. ಹಾಗಾಗಿ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸರಿಯಾಗಿ ಟ್ಯೂನ್ ಆಗಿದ್ದರೆ ಬುಲೆಟ್ಟಿನ ಪ್ಲಂಜರ್ ಮೊದಲು. ಮನೆಯಲ್ಲಿ ಯಾರು ಕಿಕ್ ಹೊಡೆದರೂ ಸ್ಟಾರ್ಟ್ ಆಗಬೇಕು ಅಂದರೆ ಸ್ಪ್ಲೆಂಡರಿನ ಬಟರ್‌ಫ್ಲೈ. ಯೆಜ್ಡಿಯ ಟಿಕ್ಲರ್ ಯಜಮಾನನ ಕೈಗೆ ಮಾತ್ರ ಒಗ್ಗುತ್ತದೆ. ಈ ಮೂರರ ಹಿಂದೆಯೂ ಒಂದು ಸಣ್ಣ ಜೆಟ್ ಇದೆ, ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು. ಅದು ಸರಿಯಿಲ್ಲದಿದ್ದರೆ ಯಾವ ಚೋಕ್ ಇದ್ದರೂ ಅಷ್ಟೇ.

ಚಳಿಯಲ್ಲಿ ಆಗುವುದೇನು ಅಂತ ಸ್ವಲ್ಪ ನೋಡೋಣ. ಬಿಸಿ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಸಾಕು. ತಣ್ಣಗಿರುವಾಗ ಪೆಟ್ರೋಲಿನಲ್ಲಿ ಹಗುರವಾದ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಹನಿಯಾಗಿ ಪೋರ್ಟಿನ ಗೋಡೆಗೆ ಅಂಟಿಕೊಳ್ಳುತ್ತದೆ. ಉರಿಯುವುದು ಆವಿ, ಹನಿಯಲ್ಲ. ಬೇಕಾದಷ್ಟು ಆವಿ ಸಿಗಬೇಕಾದರೆ ಅದರ ಹಲವು ಪಟ್ಟು ಪೆಟ್ರೋಲ್ ಸುರಿಯಬೇಕು. ಕಿಕ್ ಹೊಡೆಯುವಾಗ ಎಂಜಿನ್ ತಿರುಗುವುದೂ ನಿಧಾನ, ಕಾರ್ಬ್ಯುರೇಟರಿನಲ್ಲಿ ಎಳೆತವೂ ಕಡಿಮೆ. ಜೆಟ್‌ಗಳಿಂದ ತಾನಾಗಿ ಬರುವ ಪೆಟ್ರೋಲ್ ಸಾಲುವುದಿಲ್ಲ.

ಯೆಜ್ಡಿಯಿಂದ ಶುರು ಮಾಡೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಲ್ಲಿ ಜಾವಾ ಹೆಸರಿನಲ್ಲಿ ಶುರುವಾಗಿ, ಆಮೇಲೆ ಯೆಜ್ಡಿ ಆಗಿ, 1996ರಲ್ಲಿ ಬಾಗಿಲು ಹಾಕಿದ ಕಂಪನಿ. ನನ್ನದರಲ್ಲಿ ಇನ್ನೂ ಜಿಕೋವ್ ಕಾರ್ಬ್ಯುರೇಟರೇ ಇದೆ. ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಅದರ ಮೇಲೆ ಒಂದು ಪುಟ್ಟ ಗುಂಡಿ ಇರುತ್ತದೆ, ಅದೇ ಟಿಕ್ಲರ್. ಒತ್ತಿದರೆ ಒಳಗೆ ತೇಲುವ ಫ್ಲೋಟ್ ಕೆಳಗೆ ಹೋಗುತ್ತದೆ, ಪೆಟ್ರೋಲ್ ತಡೆಯುವ ಸೂಜಿ ತೆರೆಯುತ್ತದೆ, ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರುತ್ತದೆ. ಏರಿದ ಪೆಟ್ರೋಲ್ ಜೆಟ್ ದಾಟಿ ಗಂಟಲಿಗೆ ಬರುತ್ತದೆ. ಬೆರಳಿಗೆ ತಣ್ಣಗೆ ತಾಗಿದಾಗ ಬಿಡಬೇಕು.

ಇದರಲ್ಲಿ ಅಳತೆ ಎಂಬುದೇ ಇಲ್ಲ. ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಚಳಿ, ಪೆಟ್ರೋಲ್ ಎಷ್ಟು ಹಳೆಯದು, ಗಾಡಿ ಎಷ್ಟು ದಿನದಿಂದ ನಿಂತಿದೆ, ಎಲ್ಲದರ ಮೇಲೂ ನಿಂತಿದೆ. ಕಮ್ಮಿಯಾದರೆ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಜಾಸ್ತಿಯಾದರೆ ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಕೇಸ್ ಒದ್ದೆಯಾಗುತ್ತದೆ. ಪ್ಲಗ್ಗೂ ಒದ್ದೆ. ಆಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಕಿಕ್ ಹೊಡೆಯುತ್ತಾ ಹೋಗಬೇಕು. ಅದಕ್ಕೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸುವುದೇ ಸರಿ. ಈ ಗಾಡಿಯಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಎಡಗಡೆ. ಅಭ್ಯಾಸವಿಲ್ಲದ ನೆಂಟರು ಅಲ್ಲೇ ಸೋಲುತ್ತಾರೆ, ಟಿಕ್ಲರ್ ತನಕ ಬರುವುದೇ ಇಲ್ಲ.

ಆದರೆ ಟಿಕ್ಲರಿಗೆ ಒಂದು ದೊಡ್ಡ ಗುಣವಿದೆ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ರಬ್ಬರ್ ಇಲ್ಲ, ಕೇಬಲ್ ಇಲ್ಲ, ಕಟ್ಟಿಕೊಳ್ಳುವ ಬೇರೆ ಜೆಟ್ ಇಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯನ್ನು ಎಬ್ಬಿಸುವುದರಲ್ಲಿ ಮೂರರಲ್ಲಿ ಯೆಜ್ಡಿಯೇ ಮುಂದೆ. ಕೈಗೆ ಪೆಟ್ರೋಲ್ ವಾಸನೆ ಮಾತ್ರ ಮಧ್ಯಾಹ್ನದ ಊಟದ ತನಕ ಹೋಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಬಿಸಿ ಎಂಜಿನ್ ಮೇಲೆ ಟಿಕ್ಲರ್ ಒತ್ತಬೇಡಿ. ಹೊರಗೆ ಸುರಿದ ಪೆಟ್ರೋಲ್ ಎಲ್ಲಿಗೆ ಇಳಿಯುತ್ತದೆ ಅಂತ ನಿಮಗೇ ಕಾಣುತ್ತದಲ್ಲ.

ಈಗ ಬುಲೆಟ್. ಮಾತಾಡಲು ಜಾಸ್ತಿ ಇರುವುದು ಇಲ್ಲೇ, ಯಾಕೆಂದರೆ ಜನ ಬೈಯುವುದೂ ಇದನ್ನೇ.

ಇದರಲ್ಲಿರುವುದು ಮಿಕ್‌ಕಾರ್ಬ್ ವಿಎಂ 24. ಪಕ್ಕದ ಚೋಕ್ ಲಿವರ್ ಎಳೆದಾಗ ಗಾಳಿಯ ದಾರಿ ಮುಚ್ಚುವುದಿಲ್ಲ. ಒಳಗೆ ಒಂದು ಪುಟ್ಟ ಪ್ಲಂಜರ್ ಮೇಲೇಳುತ್ತದೆ, ಅಷ್ಟೇ. ಆಗ ಫ್ಲೋಟ್ ಬೌಲಿನಿಂದ ಒಂದು ಪ್ರತ್ಯೇಕ ದಾರಿ ತೆರೆದು, ಗಾಳಿ ಬೆರೆತ ಪೆಟ್ರೋಲ್ ಥ್ರಾಟಲ್ ಸ್ಲೈಡಿನ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಗಾಳಿಯ ಬಾಗಿಲು) ಆಚೆ, ಎಂಜಿನ್ ಕಡೆಗೆ ಹೋಗಿ ಬೀಳುತ್ತದೆ. ದೊಡ್ಡ ಕಾರ್ಬ್ಯುರೇಟರಿನ ಪಕ್ಕದಲ್ಲಿ ಚಳಿಗೆಂದೇ ಇಟ್ಟ ಇನ್ನೊಂದು ಪುಟ್ಟ ಕಾರ್ಬ್ಯುರೇಟರ್ ಇದು. ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ನಮ್ಮ ಬೆರಳಿನ ಅಂದಾಜು ಬೇಕಿಲ್ಲ.

ಷರತ್ತು ಒಂದೇ. ಸ್ಲೈಡ್ ಮುಚ್ಚಿರಬೇಕು. ಎಂಜಿನ್ನಿನ ಎಳೆತ ಪೂರ್ತಿಯಾಗಿ ಆ ಪುಟ್ಟ ದಾರಿಗೆ ಸಿಕ್ಕಿದರೆ ಮಾತ್ರ ಪೆಟ್ರೋಲ್ ಮೇಲೇರುತ್ತದೆ. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೂ ಎಳೆತ ಬಿದ್ದುಹೋಗುತ್ತದೆ, ಚೋಕ್ ಇದ್ದೂ ಇಲ್ಲದ ಹಾಗೆ. ನಮ್ಮಲ್ಲಿ ಹೆಚ್ಚಿನವರು ಮಾಡುವುದೇ ಅದು: ಚೋಕ್ ಎಳೆದು, ಆಕ್ಸಿಲರೇಟರ್ ತಿರುಗಿಸುತ್ತಾ ಕಿಕ್ ಹೊಡೆಯುವುದು. ಆಮೇಲೆ ಬುಲೆಟ್ಟಿಗೆ ಬೈಗುಳ. ಕೈಯನ್ನು ಆಕ್ಸಿಲರೇಟರಿನಿಂದ ಪೂರ್ತಿ ತೆಗೆದು ಹೊಡೆದು ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಆರ್‌ಎಕ್ಸ್ 100 ಇರುವವರಿಗೂ ಇದೇ ಮಾತು. ಅದರ ಮಿಕುನಿಯಲ್ಲೂ ಪ್ಲಂಜರೇ ಇರುವುದು.

ನಾನು ಮಾಡುವ ಕ್ರಮ ಹೀಗೆ. ಪೆಟ್ರೋಲ್ ಆನ್, ಚೋಕ್ ಪೂರ್ತಿ, ಕೀ ಆಫ್. ಸಿಲಿಂಡರಿನ ಒತ್ತಡ ಬಿಡುವ ಲಿವರ್, ಅಂದರೆ ಡಿಕಂಪ್ರೆಸರ್, ಹಿಡಿದು ನಿಧಾನವಾಗಿ ಕೆಲವು ಸಲ ಕಿಕ್ಕರ್ ತುಳಿಯುತ್ತೇನೆ. ಸಿಲಿಂಡರಿಗೆ ಮೊದಲ ಪೆಟ್ರೋಲ್ ಹೋಗುವುದು ಆಗಲೇ. ಆಮೇಲೆ ಕೀ ಆನ್. ಕರೆಂಟ್ ತೋರಿಸುವ ಆಮ್‌ಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆಯಿಂದ ನಡುವಿಗೆ ಬಂದರೆ ಕಿಡಿ ಹೊತ್ತಿಸುವ ಸ್ವಿಚ್ಚು, ಅಂದರೆ ಪಾಯಿಂಟ್, ತೆರೆದಿದೆ ಅಂತ. ಡಿಕಂಪ್ರೆಸರ್ ಎಳೆದು ಪಿಸ್ಟನ್ನನ್ನು ಇನ್ನೊಂದು ಚೂರು ಮುಂದೆ ಸರಿಸಿ, ಬಿಟ್ಟು, ಕಿಕ್ಕರ್ ಮೇಲೆ ತಂದು, ಒಂದೇ ಉದ್ದನೆಯ ತುಳಿತ. ಹೊಡೆತ ಅಲ್ಲ, ತುಳಿತ.

ಪ್ಲಂಜರ್ ಕೆಡುವುದು ಎರಡು ರೀತಿ. ಅದರ ತುದಿಯ ರಬ್ಬರ್ ಸವೆದರೆ ಚೋಕ್ ತೆಗೆದರೂ ಪೆಟ್ರೋಲ್ ಸೋರುತ್ತಲೇ ಇರುತ್ತದೆ. ಪ್ಲಗ್ ಕಪ್ಪಾಗುತ್ತದೆ, ಬಿಸಿಯಾದ ಮೇಲೆ ಎಂಜಿನ್ ಗೊರ ಗೊರ ಅನ್ನುತ್ತದೆ. ಎರಡನೆಯದು, ಆ ಪುಟ್ಟ ದಾರಿಯ ಸ್ಟಾರ್ಟರ್ ಜೆಟ್ ಕಟ್ಟಿಕೊಳ್ಳುವುದು. ಕೂದಲೆಳೆಯಷ್ಟು ತೂತು. ಬೌಲಿನ ತಳದಲ್ಲಿ ಕೂತ ತುಕ್ಕಿನ ಪುಡಿ ಸಾಕು. ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದ್ದೇನೆ, ಆದರೂ ಬೆಳಗ್ಗೆ ಸ್ಟಾರ್ಟ್ ಆಗಲ್ಲ ಅನ್ನುವವರು ಮೊದಲು ಇದನ್ನು ನೋಡಬೇಕು. ವೇಗದಲ್ಲಿ ಪೆಟ್ರೋಲ್ ಕೊಡುವ ಮೇನ್ ಜೆಟ್, ನಿಂತಲ್ಲಿ ಓಡುವಾಗ ಕೊಡುವ ಪೈಲಟ್ ಜೆಟ್ ತೊಳೆದು ಇದನ್ನು ಬಿಟ್ಟುಬಿಡುವ ಮೆಕ್ಯಾನಿಕ್‌ಗಳು ಬೇಕಾದಷ್ಟಿದ್ದಾರೆ. ಒಬ್ಬರಂತೂ ನನ್ನ ಪೈಲಟ್ ಜೆಟ್ಟಿಗೆ ಕ್ಲಚ್ ವೈರಿನ ಎಳೆ ತೂರಿಸಿ ತೂತು ದೊಡ್ಡದು ಮಾಡಿ ಕೊಟ್ಟಿದ್ದರು. ಹಿತ್ತಾಳೆ ಮೆತ್ತಗಿರುತ್ತದೆ ಮಾರಾಯ್ರೇ. ಕಾರ್ಬ್ ಕ್ಲೀನರ್, ಗಾಳಿ, ಅಷ್ಟೇ ಸಾಕು.

ಆ ಪೈಲಟ್ ಜೆಟ್ ವಿಷಯಕ್ಕೇ ಬರುತ್ತೇನೆ. ಚೋಕ್ ಗಾಡಿಯನ್ನು ಎಬ್ಬಿಸುತ್ತದೆ, ಎದ್ದ ಗಾಡಿ ನಿಲ್ಲುವುದು ಪೈಲಟ್ ಜೆಟ್ಟಿನ ಮೇಲೆ. ಚೋಕಿನಲ್ಲಿ ಸ್ಟಾರ್ಟ್ ಆಗಿ, ತೆಗೆದ ಕೂಡಲೇ ಆಫ್ ಆಗಿ, ತುಂಬಾ ಹೊತ್ತು ಹೀಗೇ ಕಾಡಿದರೆ ಪೈಲಟ್ ಲೀನ್ (ಪೆಟ್ರೋಲ್ ಕಮ್ಮಿ) ಇದೆ ಅಂತ ಅರ್ಥ. ಕೊರೆಯುವ ಚಳಿಯಲ್ಲೂ ಚೋಕ್ ಇಲ್ಲದೆ ಸ್ಟಾರ್ಟ್ ಆಗುತ್ತದೆ ಅಂತ ಯಾರಾದರೂ ಹೆಮ್ಮೆಪಟ್ಟರೆ, ಅದು ಹೆಮ್ಮೆಯ ವಿಷಯವಲ್ಲ. ಪೈಲಟ್ ಅತಿ ರಿಚ್ (ಪೆಟ್ರೋಲ್ ಜಾಸ್ತಿ) ಇದೆ, ಇಲ್ಲವೇ ಪ್ಲಂಜರ್ ಸೋರುತ್ತಿದೆ.

ಟ್ಯೂನ್ ಮಾಡುವುದು ಬಿಸಿ ಎಂಜಿನ್ನಿನಲ್ಲಿ. ಚೆನ್ನಾಗಿ ಓಡಿಸಿ ಬಂದು, ಸ್ಲೋ, ಅಂದರೆ ನಿಂತಲ್ಲಿ ಎಂಜಿನ್ ಓಡುವ ವೇಗ, ಸ್ವಲ್ಪ ಏರಿಸಿ ಇಡಿ. ಪೈಲಟ್ಟಿಗೆ ಹೋಗುವ ಗಾಳಿ ಹೆಚ್ಚು ಕಮ್ಮಿ ಮಾಡುವ ಏರ್ ಸ್ಕ್ರೂ ಮೆಲ್ಲಗೆ ತಳ ಮುಟ್ಟುವ ತನಕ ಒಳಗೆ ಹಾಕಿ, ಬಿಗಿ ಮಾಡಬೇಡಿ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಈಗ ಕಾಲು ಸುತ್ತಿನ ಲೆಕ್ಕದಲ್ಲಿ ಆಚೆ ಈಚೆ ಮಾಡುತ್ತಾ, ಪ್ರತಿ ಸಲ ಸ್ವಲ್ಪ ಕಾದು, ಎಂಜಿನ್ ಅತಿ ವೇಗವಾಗಿ, ಸಮವಾಗಿ ಓಡುವ ಜಾಗ ಹುಡುಕಿ. ಆ ಜಾಗ ಒಂದು ಸುತ್ತಿಗಿಂತ ಒಳಗೇ ಸಿಕ್ಕಿದರೆ ಜೆಟ್ ಸಣ್ಣದಾಯಿತು. ಎರಡೂವರೆ ಸುತ್ತು ದಾಟಿದರೆ ಜೆಟ್ ದೊಡ್ಡದಾಯಿತು. ಸಿಕ್ಕ ಜಾಗದಿಂದ ಕಾಲು ಸುತ್ತಿಗಿಂತ ಕಡಿಮೆ ಒಳಗೆ ಹಾಕಿ, ಅಂದರೆ ಚೂರು ರಿಚ್ ಮಾಡಿ, ನಾನು ಚಳಿಗಾಲಕ್ಕೆ ಬಿಟ್ಟುಬಿಡುತ್ತೇನೆ. ಒಂದು ಗುರುತು ನೆನಪಿರಲಿ. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಒಳಗೆ ಹಾಕಿದಾಗ ರಿಚ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ, ಎಲ್ಲಾ ಉಲ್ಟಾ.

ನನ್ನ ಬುಲೆಟ್ಟಿನಲ್ಲಿ 25ನೇ ನಂಬರಿನ ಪೈಲಟ್ ಜೆಟ್ ಇತ್ತು (ನಂಬರ್ ಏರಿದಷ್ಟೂ ತೂತು ದೊಡ್ಡದು). ಏರ್ ಸ್ಕ್ರೂ ಮುಕ್ಕಾಲು ಸುತ್ತಿಗೇ ಸರಿಹೋಗುತ್ತಿತ್ತು, ಅಂದರೆ ಗಾಡಿ ಪೆಟ್ರೋಲ್ ಕೇಳುತ್ತಿತ್ತು. 27.5 ಹಾಕಿದೆ. ಚೋಕ್ ಹಿಡಿದು ನಿಲ್ಲುವ ಹೊತ್ತು ಅರ್ಧಕ್ಕೂ ಕೆಳಗೆ ಬಂತು. ಇನ್ನೂ ಮುಂದೆ ಹೋಗಿ 30 ಹಾಕಿ ನೋಡಿದಾಗ ಚಳಿಯಲ್ಲಿ ಸೊಗಸು, ಆದರೆ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ತೊದಲು. ವಾಪಸ್ 27.5ಕ್ಕೇ ಬಂದೆ.

ಯೆಜ್ಡಿಯಲ್ಲಿ ಇದೇ ಕೆಲಸ ಮಾಡಿದಾಗ ಅಷ್ಟು ಲಾಭ ಕಾಣಲಿಲ್ಲ. ಅಲ್ಲಿ ಫ್ಲೋಟ್ ಮಟ್ಟ ಸರಿಪಡಿಸಿದ್ದೇ ಹೆಚ್ಚು ಕೆಲಸಕ್ಕೆ ಬಂತು. ಮಟ್ಟ ಕೆಳಗಿದ್ದರೆ ಟಿಕ್ಲರ್ ಎಷ್ಟು ಹೊತ್ತು ಒತ್ತಿದರೂ ತಡ.

ಸ್ಪ್ಲೆಂಡರ್ ಬಗ್ಗೆ ಹೇಳಲು ಕಮ್ಮಿ, ಅದೇ ಅದರ ಹೊಗಳಿಕೆ. ಕಾರ್ಬ್ಯುರೇಟರ್ ಬಾಯಿಗೆ ಅಡ್ಡಲಾಗಿ ಒಂದು ತಟ್ಟೆ. ಲಿವರ್ ತಿರುಗಿಸಿದರೆ ಗಾಳಿ ಕಟ್ಟಾಗಿ ಒಳಗಿನ ಎಳೆತ ಪೂರ್ತಿ ಪೆಟ್ರೋಲಿನ ಮೇಲೆ ಬೀಳುತ್ತದೆ, ಎಲ್ಲಾ ಜೆಟ್‌ಗಳಿಂದಲೂ ಬರುತ್ತದೆ. ಆಕ್ಸಿಲರೇಟರ್ ಚೂರು ತೆರೆದರೂ ಕೆಲಸ ಮಾಡುತ್ತದೆ. ಅದಕ್ಕೇ ಯಾರು ಹೇಗೆ ಹೊಡೆದರೂ ಸ್ಟಾರ್ಟ್. ತೊಂದರೆ ಅಂದರೆ ಮರೆವು. ಚೋಕ್ ಹಾಕಿಯೇ ಕುಶಾಲನಗರದ ತನಕ ಹೋಗಿ, ಮೈಲೇಜ್ ಇಲ್ಲ ಅಂತ ಗೊಣಗುವವರು ನಮ್ಮ ಮನೆಯಲ್ಲೇ ಇದ್ದಾರೆ. ಬುಲೆಟ್ಟಿನಲ್ಲಿ ಅದೇ ಮರೆವಿಗೆ ಶಿಕ್ಷೆ ಕಡಿಮೆ, ಯಾಕೆಂದರೆ ಥ್ರಾಟಲ್ ತೆರೆದಷ್ಟೂ ಪ್ಲಂಜರಿನ ಪ್ರಭಾವ ಇಳಿಯುತ್ತದೆ.

ನ್ಯಾಯವಾಗಿ ಹೇಳಬೇಕಾದರೆ ಸ್ಪ್ಲೆಂಡರಿನ ಹೆಚ್ಚುಗಾರಿಕೆ ಎಲ್ಲವೂ ಬಟರ್‌ಫ್ಲೈದಲ್ಲ. 97 ಸಿಸಿಯ ಎಂಜಿನ್, ಕಾಲಿಗೆ ಹಗುರ, ತೆಳ್ಳನೆಯ ಆಯಿಲ್, ಪಾಯಿಂಟ್ ಬೇಡದ ಎಲೆಕ್ಟ್ರಾನಿಕ್ ಸಿಡಿಐ ಕಿಡಿ. ನನ್ನ ಬುಲೆಟ್, ಯೆಜ್ಡಿ ಎರಡರಲ್ಲೂ ಪಾಯಿಂಟ್. ಬುಲೆಟ್ಟಿನಲ್ಲಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಅದು ಮುಚ್ಚಿಕೊಂಡಿದ್ದರೆ, ಬ್ಯಾಟರಿ ಇಳಿದಿದ್ದರೆ, ಕಾರ್ಬ್ಯುರೇಟರ್ ಬಿಚ್ಚಿ ಏನೂ ಪ್ರಯೋಜನವಿಲ್ಲ. ಮೊದಲು ಕಿಡಿ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ.

ಈಗಿನ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಮೂರಕ್ಕೂ ಕಷ್ಟ ಕೊಟ್ಟಿದೆ, ಆದರೆ ಸಮವಾಗಿ ಅಲ್ಲ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ಏಳೆಂಟು ಶೇಕಡಾ ಲೀನ್ ಆಗುತ್ತದೆ. ಅದು ಕುದಿಯುವುದು 78 ಡಿಗ್ರಿಗೆ, ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ. ಚಳಿಯಲ್ಲಿ ಎರಡೂ ನಮಗೆ ವಿರುದ್ಧವೇ. ಇಂಜೆಕ್ಷನ್ ಗಾಡಿಗಳು ಸೆನ್ಸರ್ ನೋಡಿ ಸರಿಮಾಡಿಕೊಳ್ಳುತ್ತವೆ, ಕಾರ್ಬ್ಯುರೇಟರಿಗೆ ಏನೂ ತಿಳಿಯುವುದಿಲ್ಲ. ನಮಗೆ ಸ್ವಲ್ಪ ಸಮಾಧಾನ ಕೊಡುವುದು ಎತ್ತರ. ಮಡಿಕೇರಿ 1,100 ಮೀಟರಿಗೂ ಮೇಲೆ, ಇಲ್ಲಿ ಗಾಳಿ ತೆಳು, ಮಿಶ್ರಣ ತಾನಾಗಿ ಒಂದಿಷ್ಟು ರಿಚ್ ಆಗುತ್ತದೆ. ಅದಕ್ಕೇ ಇಲ್ಲಿ ಸರಿಯಿರುವ ಸೆಟ್ಟಿಂಗನ್ನು ಮಂಗಳೂರಿನವರು ಹಾಗೇ ನಕಲು ಮಾಡಿದರೆ ಲೀನ್ ಆಗಬಹುದು. ಅಲ್ಲಿ ಅಷ್ಟು ಚಳಿ ಇಲ್ಲ ಬಿಡಿ.

ಇ20ಯಲ್ಲಿ ಹೆಚ್ಚು ಸೊರಗಿದ್ದು ಬುಲೆಟ್. ರಬ್ಬರ್ ತುದಿ ಊದಿ ಪ್ಲಂಜರ್ ಅಂಟಿಕೊಳ್ಳತೊಡಗಿತು, ಹೊಸದು ಹಾಕಬೇಕಾಯಿತು. ನೀರು ಹೀರಿದ ಪೆಟ್ರೋಲ್ ಬೌಲಿನ ತಳದಲ್ಲಿ ಬಿಳಿ ಪುಡಿ ಬಿಡುತ್ತದೆ, ಸ್ಟಾರ್ಟರ್ ಜೆಟ್ ಇರುವುದೂ ಅಲ್ಲೇ. ಯೆಜ್ಡಿಯಲ್ಲಿ ಟಿಕ್ಲರ್ ಇನ್ನೊಂದು ಕ್ಷಣ ಜಾಸ್ತಿ ಒತ್ತುತ್ತೇನೆ, ಮುಗಿಯಿತು.

ದಿನಾ ಓಡುವ ಗಾಡಿಯಾದರೆ, ಸ್ವಂತ ಕೈಯಲ್ಲಿ ಜೆಟ್ ಬಿಚ್ಚುವ ಆಸಕ್ತಿ ಇದ್ದರೆ ನನ್ನ ಆಯ್ಕೆ ಪ್ಲಂಜರ್. ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವುದಾದರೆ ಹಿಂದಿನ ಸಲವೇ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವ ತನಕ ಬಿಡಿ. ಬೌಲಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ವಾರದಲ್ಲಿ ಹಾರಿಹೋಗಿರುತ್ತದೆ, ಚಳಿಯಲ್ಲಿ ಬೇಕಾದದ್ದೇ ಅದು. ಜೆಟ್ ಕೊಳ್ಳುವಾಗ ಮಾತ್ರ ಒಂದು ಸೈಜ್ ಮೇಲಿನದನ್ನೂ ಜೊತೆಗೆ ತಗೊಳ್ಳಿ. ಡಿಸೆಂಬರ್ ನಡುವೆ ನಮ್ಮ ಊರಿನ ಅಂಗಡಿಯಲ್ಲಿ 27.5 ಸಿಗುವುದು ಕಷ್ಟ.