ಪಾಂಡವಪುರದ ಆಲೆಮನೆಯಲ್ಲಿದ್ದ ಹಳೇ ಬೆಂಜ್: ಅಡ್ವಾನ್ಸ್ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಹಳೇ ಕಾರುಗಳ ಮೇಲೆ ಜೀವ ಇಟ್ಟುಕೊಂಡವರು ತುಂಬ ಜನ ಇದ್ದೀರಿ. ನಿಮಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳು ನಾನು ನಾಲ್ಕು ಲಕ್ಷ ರೂಪಾಯಿ ಕಳೆದುಕೊಂಡೆ. ಅದೇ ಕಾರು, ಅದೇ ಕಾಗದ ನಾಳೆ ನಿಮ್ಮ ಮುಂದೆಯೂ ಬರಬಹುದು.

ಕಾರು ಮರ್ಸಿಡಿಸ್ ಬೆಂಜ್ 220 ಎಸ್‌ಇ ಕೂಪೆ. 1961ರಲ್ಲಿ ಹೊರಬಂದ ಮಾದರಿ, ರೂಪ ಕೊಟ್ಟವರು ಪಾಲ್ ಬ್ರಾಕ್ ಎಂಬ ಫ್ರೆಂಚ್ ವಿನ್ಯಾಸಕಾರರು. ಎರಡೇ ಬಾಗಿಲು. ನಾಲ್ಕೂ ಗಾಜು ಇಳಿಸಿದರೆ ನಡುವೆ ಕಂಬವೇ ಇಲ್ಲ, ಮುಂದಿನಿಂದ ಹಿಂದಿನ ಸೀಟಿನವರೆಗೆ ಒಂದೇ ತೆರಪು. ಆರು ಸಿಲಿಂಡರಿನ 2195 ಸಿಸಿ ಎಂಜಿನ್ನು, ಕಾರ್ಬುರೇಟರ್ ಬದಲು ಬಾಷ್ ಇಂಜೆಕ್ಷನ್. ನಮ್ಮ ಕಡೆ ಇಂಥದ್ದೊಂದು ಕಣ್ಣಿಗೆ ಬೀಳುವುದೇ ಅಪರೂಪ.

ನಮ್ಮ ತಂದೆ ಯಾದವಗಿರಿಯ ಸಾಹುಕಾರರೊಬ್ಬರ ಮನೆಯಲ್ಲಿ ಡ್ರೈವರ್ ಆಗಿದ್ದರು. ಆ ಮನೆಯಲ್ಲಿ ಇದೇ ಸಾಲಿನ ನಾಲ್ಕು ಬಾಗಿಲಿನ ಬೆಂಜ್ ಇತ್ತು, ಹಿಂದುಗಡೆ ಎರಡೂ ಮೂಲೆಯಲ್ಲಿ ರೆಕ್ಕೆ ಎದ್ದಿರುವಂಥದ್ದು. ಭಾನುವಾರ ಅಪ್ಪ ಅದನ್ನು ತೊಳೆಯುವಾಗ ಬಕೆಟ್ ಹಿಡಿದು ನಿಲ್ಲುವ ಕೆಲಸ ನನ್ನದು. ಒಳಗೆ ಕೂರುವ ಭಾಗ್ಯ ಇರಲಿಲ್ಲ. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು. ವಾಟ್ಸಾಪಿನಲ್ಲಿ ಈ ಕೂಪೆಯ ಫೋಟೋ ಬಂದಾಗ ಮೊದಲು ನೆನಪಾದದ್ದು ಅವರೇ. ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿತ್ತು.

ಕಾರು ಇದ್ದದ್ದು ಪಾಂಡವಪುರದ ಆಚೆ, ನಿಂತುಹೋದ ಒಂದು ಆಲೆಮನೆಯಲ್ಲಿ. ಕೊಪ್ಪರಿಗೆ ಕೂರಿಸುತ್ತಿದ್ದ ಒಲೆಯ ಪಕ್ಕದಲ್ಲಿ, ಟಾರ್ಪಾಲಿನ ಕೆಳಗೆ, ದಂತದ ಬಣ್ಣದ ಕಾರು. ತೋರಿಸಿದ ಬ್ರೋಕರ್‌ಗೆ ನಲವತ್ತರ ಆಸುಪಾಸು, ಮಾತು ಬಹಳ ನಯ. "ಸಾರ್, ಮದ್ರಾಸ್‌ನಲ್ಲಿದ್ದ ಫಾರಿನ್ ಎಂಜಿನಿಯರ್ ತಂದಿದ್ದ ಗಾಡಿ ಇದು. ಅದಕ್ಕೇ ಸ್ಟೀರಿಂಗ್ ಎಡಗಡೆ. ಆಮೇಲೆ ಮೈಸೂರಿನ ಅರಸು ಮನೆತನದವರು ತಗೊಂಡ್ರು." ಎಂವೈ ಅಕ್ಷರಗಳ ಹಳೇ ನಂಬರು, ಅಂಚು ಹರಿದ ಆರ್‌ಸಿ ಪುಸ್ತಕ, ಮೈಸೂರು ರಾಜ್ಯದ ಕಾಲದ ಸೀಲು. 1973ಕ್ಕೆ ಮುಂಚಿನ ಆ ಸೀಲು ನೋಡಿದ ಮೇಲೆ ನಾನು ಇನ್ನೇನೂ ಕೇಳಲಿಲ್ಲ. ಅರಮನೆಯ ಹೆಸರು ಎತ್ತಿದರೆ ಮೈಸೂರಿನವರ ಮನಸ್ಸು ಕರಗುತ್ತದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಲೆ 38 ಲಕ್ಷ ಅಂದ. ಎರಡನೇ ಸಲ ಹೋದಾಗ ಚೆನ್ನೈ ಪಾರ್ಟಿ ನಾಳೆ ಬೆಳಿಗ್ಗೆ ಟ್ರಕ್ ತರುತ್ತಿದೆ ಅಂದ. ಎರಡೂವರೆ ಲಕ್ಷ ಬ್ಯಾಂಕಿನಿಂದ ಹಾಕಿದೆ, ಒಂದೂವರೆ ಲಕ್ಷ ಕೈಯಲ್ಲಿ ಕೊಟ್ಟೆ. ಕ್ಯಾಶಿಗೆ ರಸೀದಿ ಇಲ್ಲ. ಅಕೌಂಟ್ ಅವನ ಹೆಸರಿನಲ್ಲೂ ಇರಲಿಲ್ಲ, ಆರ್‌ಸಿಯಲ್ಲಿರುವವರ ಹೆಸರಿನಲ್ಲೂ ಇರಲಿಲ್ಲ. "ಇನ್ನೊಂದ್ಸಲ ಯೋಚ್ನೆ ಮಾಡಿ ಅಂದ್ರೆ," ಅಂತ ಮನೆಯವಳು ಬಾಗಿಲ ತನಕ ಬಂದು ಹೇಳಿದ್ದಳು.

ಮೂರನೇ ಸಲ ಬನ್ನಿಮಂಟಪದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಭಾಯ್ ಅವರನ್ನು ಕರೆದುಕೊಂಡು ಹೋದೆ. ಹಳೇ ಬೆಂಜುಗಳ ಮೇಲೆ ನಲವತ್ತು ವರ್ಷ ಕೈಯಾಡಿಸಿದವರು. ಬ್ರೋಕರ್ ಇರಲಿಲ್ಲ, ಕಾವಲಿನ ಹುಡುಗ ಬೀಗ ತೆಗೆದ. ಭಾಯ್ ಕಾರಿನ ಅಂದವನ್ನು ನೋಡಲೇ ಇಲ್ಲ. ಬಾನೆಟ್ ಎತ್ತಿ, ಟಾರ್ಚ್ ಹಾಕಿ, "ಸಾರ್, ಆರ್‌ಸಿಯಲ್ಲಿರೋ ಚಾಸಿ ನಂಬರ್ ಓದಿ" ಅಂದರು.

ಓದಿದೆ. 111012 ಅಂತ ಶುರು, ಆಮೇಲೆ 20, ಆಮೇಲೆ ಉಳಿದ ಅಂಕಿಗಳು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಈ ಸಾಲಿನ ಬೆಂಜುಗಳಲ್ಲಿ ಮೊದಲ ಆರು ಅಂಕಿಯಲ್ಲೇ ಕಾರಿನ ಜಾತಕ ಇರುತ್ತದೆ. 220 ಎಸ್‌ಇ ಕೂಪೆ ಆದರೆ 111021. 111012 ಅಂದರೆ ನಾಲ್ಕು ಬಾಗಿಲಿನ 220 ಎಸ್, ಕಾರ್ಬುರೇಟರ್ ಇರುವಂಥದ್ದು. ನಂತರದ ಎರಡು ಅಂಕಿಯಲ್ಲಿ ಮೊದಲನೆಯದು ಸ್ಟೀರಿಂಗ್ ಯಾವ ಕಡೆ ಅನ್ನುವುದಕ್ಕೆ: 1 ಇದ್ದರೆ ಎಡ, 2 ಇದ್ದರೆ ಬಲ. ಎರಡನೆಯದು ಗೇರಿಗೆ: 0 ಅಂದರೆ ಕೈಯಲ್ಲಿ ಹಾಕುವ ಗೇರು, 2 ಅಂದರೆ ಆಟೋಮ್ಯಾಟಿಕ್. ನನ್ನ ಕೈಯಲ್ಲಿದ್ದ ಪುಸ್ತಕ ಬಲಗಡೆ ಸ್ಟೀರಿಂಗಿನ ನಾಲ್ಕು ಬಾಗಿಲಿನ ಕಾರಿನದು. ಎದುರಿಗೆ ನಿಂತಿದ್ದದ್ದು ಎಡಗಡೆ ಸ್ಟೀರಿಂಗಿನ ಎರಡು ಬಾಗಿಲಿನ ಕಾರು.

ಎಂಜಿನ್ ಪಕ್ಕದ ತಗಡಿನ ಪಟ್ಟಿಯಲ್ಲಿ ಆರ್‌ಸಿಯ ನಂಬರೇ ಇತ್ತು. ಆದರೆ ಅದಕ್ಕೆ ಹೊಡೆದ ರಿವಿಟ್ ಹೊಸದು, ಮಿಂಚುತ್ತಿತ್ತು. ಪಟ್ಟಿಯನ್ನು ಯಾರು ಬೇಕಾದರೂ ಬಿಚ್ಚಿ ಹಾಕಬಹುದು, ಚಾಸಿಯ ಕಬ್ಬಿಣದಲ್ಲೇ ಗುದ್ದಿರುವ ನಂಬರು ನೋಡಬೇಕು ಅಂದರು ಭಾಯ್. ಆ ಜಾಗದಲ್ಲಿ ದಪ್ಪನೆಯ ಪೇಂಟು. ಉಗುರಿನಲ್ಲಿ ಕೆರೆದರೆ ಒಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಗ್ರೈಂಡರ್ ಹಿಡಿದ ಗೀರುಗಳು. "ಸತ್ತ ಗಾಡಿ ಕಾಗದ ಸಾರ್ ಇದು. ಗಾಡಿ ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು."

ಅಪ್ಪ ತೊಳೆಯುತ್ತಿದ್ದಂಥದ್ದೇ ಯಾವುದೋ ಕಾರು ಎಲ್ಲೋ ಗುಜರಿಗೆ ಹೋಗಿದೆ, ಅದರ ಪುಸ್ತಕ ಮಾತ್ರ ಉಳಿದಿದೆ. ಆ ಕ್ಷಣದಲ್ಲಿ ನನಗೆ ಹೆಚ್ಚು ನೋವಾದದ್ದು ಇದಕ್ಕೆ.

ಬ್ರೋಕರ್‌ಗೆ ಫೋನ್ ಮಾಡಿದರೆ "ಆ ಕಾಲದ ಗುಮಾಸ್ತ ತಪ್ಪು ಬರೆದಿದ್ದಾನೆ ಸಾರ್, ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸಿದ್ರೆ ಎಲ್ಲ ಸರಿಹೋಗುತ್ತೆ" ಅಂದ. ಇದು ಶುದ್ಧ ಸುಳ್ಳು. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲು ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಎ ಅಕ್ಷರಗಳ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ ಬದಲಾಗಿದ್ದರೆ ಅದು ಮೂಲ ರೂಪ ಅನ್ನಿಸಿಕೊಳ್ಳುವುದಿಲ್ಲ. ಹಾಗೆ ನೋಂದಾಯಿಸಿದ ಕಾರನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ ರಸ್ತೆಗೆ ಇಳಿಸಬಹುದೇ ಹೊರತು ದಿನಾ ಓಡಿಸುವಂತಿಲ್ಲ. ಕದ್ದ ಕಾಗದವನ್ನು ತೊಳೆದು ಕೊಡುವ ನಿಯಮ ಅಲ್ಲ ಅದು.

ಇನ್ನೊಂದು ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಮನೆಗೆ ಬಂದ ಮೇಲೆ. ಸ್ಟ್ಯಾಂಪ್ ಪೇಪರಿನಲ್ಲಿ ಅವನು ಸಹಿ ಹಾಕಿದ್ದದ್ದು ಮಾಲೀಕರ ಪವರ್ ಆಫ್ ಅಟಾರ್ನಿ ಹಿಡಿದವನಾಗಿ. ಆದರೆ ಮಾಲೀಕರು ತೀರಿಕೊಂಡಿದ್ದಾರೆ ಅಂತ ಅವನೇ ಹೇಳಿದ್ದ. ಬರೆದುಕೊಟ್ಟವರು ಸತ್ತ ಮೇಲೆ ಸಾಮಾನ್ಯವಾಗಿ ಆ ಅಧಿಕಾರವೂ ಸತ್ತ ಹಾಗೆ. ವಾರಸುದಾರರು ಫಾರಂ 31 ಹಾಕಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ 29, 30ರಲ್ಲಿ ನಮ್ಮ ಹೆಸರಿಗೆ. ವಾರಸುದಾರರ ಮುಖ ನೋಡದೆ ಯಾರೂ ದುಡ್ಡು ಕೊಡಬೇಡಿ. ಆರ್‌ಸಿಯನ್ನು ಅದು ಹುಟ್ಟಿದ ಆರ್‌ಟಿಒ ಕಚೇರಿಗೇ ಒಯ್ದು ಹಳೇ ರಿಜಿಸ್ಟರಿನಲ್ಲಿ ಬಾಡಿ ಯಾವುದು ಅಂತ ಬರೆದಿದೆ, ಕೇಳಿ. ಇಷ್ಟು ಹಳೇ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿಗೇ ಏರಿರುವುದಿಲ್ಲ, ಆ್ಯಪ್‌ನಲ್ಲಿ ಕಾಣಲಿಲ್ಲ ಅಂತ ಸುಮ್ಮನಾಗಬೇಡಿ.

ಎರಡು ದಿನಕ್ಕೆ ಫೋನ್ ಆಫ್ ಆಯಿತು. ನಾಲ್ಕನೇ ದಿನ ಆಲೆಮನೆ ಖಾಲಿ. ಜಾಗದ ರೈತರು ಪಾಪ ಕೈ ಮುಗಿದರು. "ಎರಡು ತಿಂಗ್ಳಿಗೆ ಅಂತ ಬಾಡ್ಗೆಗೆ ಕೊಟ್ಟಿದ್ದೆ ಕಣ್ ಸಾ. ಹಾಸನದೋರು ಒಬ್ರು ನಿನ್ನೆ ಬಂದು ಹಿಂಗೇ ಕೇಳ್ಕೊಂಡು ಹೋದ್ರು." ಅಂದರೆ ನಾನೊಬ್ಬನೇ ಅಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಕೆಳಗೆ ವಂಚನೆ ಅಂತ ದಾಖಲಾಗಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾನು ಕರೆ ಮಾಡಿದ್ದು ದುಡ್ಡು ಹಾಕಿ ಒಂಬತ್ತು ದಿನ ಆದ ಮೇಲೆ. ಅಷ್ಟರಲ್ಲಿ ಅಕೌಂಟ್ ಬರಿದಾಗಿತ್ತು. ನಿಮಗೆ ಹೀಗಾದರೆ ಅದೇ ಗಂಟೆಯಲ್ಲಿ ಕರೆ ಮಾಡಿ.

ಆ ಕಾರು ಬಣ್ಣ ಬದಲಾಯಿಸಿಕೊಂಡು ಬಂದರೂ ಗುರುತು ಹಿಡಿಯಬಹುದು: ಎಡಗಡೆ ಸ್ಟೀರಿಂಗ್, ಸ್ಟೀರಿಂಗಿನ ದಂತದ ಬಣ್ಣದ ಚಕ್ರದಲ್ಲಿ ಕೆಳಗಡೆ ಬೆರಳಗಲದ ಬಿರುಕು, ಎಡ ಬಾಗಿಲಿನ ಒಳಗಿನ ಮರದ ಪಟ್ಟಿ ಇಲ್ಲ, ಹಿಂದಿನ ಸೀಟಿನ ಕೆಂಪು ಚರ್ಮಕ್ಕೆ ಬಲ ಮೂಲೆಯಲ್ಲಿ ಕಪ್ಪು ದಾರದ ಹೊಲಿಗೆ. ಕಂಡವರು ದುಡ್ಡಿನ ಮಾತು ಎತ್ತದೆ ಹತ್ತಿರದ ಠಾಣೆಗೆ ತಿಳಿಸಿ.