ಹಳೇ ಆಫೀಸ್ ಸೆಟ್ಟಿಗೆ ಹೊಸ ಎಸ್‌ಎಂಪಿಎಸ್: ಕೋರ್ಸೇರ್ ಸಿವಿ550, ಎಂಟು ತಿಂಗಳು ಆದ್ಮೇಲೆ

ಮೊದಲೇ ಹೇಳಿಬಿಡ್ತೇನೆ, ಈ ಎಸ್‌ಎಂಪಿಎಸ್, ಅಂದ್ರೆ ಕಂಪ್ಯೂಟರಿನ ಒಳಗೆ ಕರೆಂಟು ಹಂಚುವ ಡಬ್ಬಿ, ಒಳ್ಳೇದುಂಟು, ಐದಕ್ಕೆ ನಾಲ್ಕೂವರೆ. ಅಷ್ಟೇ ಬೇಕಾದವರು ಇಲ್ಲಿಗೇ ನಿಲ್ಲಿಸ್ಬಹುದು. ಆದ್ರೆ ಕಂಪೆನಿಯಲ್ಲೇ ಜೋಡಿಸಿ ಬಂದ ಸೆಟ್ ಇರುವವರು, ಅದರಲ್ಲೂ ಆಫೀಸಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಟವರ್ ತೆಗೊಂಡವರು ಸ್ವಲ್ಪ ಪೂರ್ತಿ ಓದಿ ಮಾರಾಯ್ರೆ, ನಾನು ಪಟ್ಟ ಪಾಡು ನಿಮಗೆ ಬೇಡ.

ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ರ. ಹಗಲು ಮದುವೆ ಕಾಗದ, ಬ್ರಹ್ಮಕಲಶದ ನೋಟೀಸು ಅಂತ ಡಿಟಿಪಿ, ರಾತ್ರಿ ಎಲ್ಲಾದ್ರೂ ಆಟ ಇದ್ರೆ ಕ್ಯಾಮೆರಾ ಹಿಡ್ಕೊಂಡು ಹೋಗಿ ಯಕ್ಷಗಾನ ರೆಕಾರ್ಡ್ ಮಾಡಿ ಎಡಿಟ್ ಮಾಡಿ ಕೊಡುದು. ಸೆಟ್ಟು 4ನೇ ಜನರೇಶನ್ ಐ5, 16 ಜಿಬಿ ರ‍್ಯಾಮ್, ಯಾವುದೋ ಆಫೀಸಿಂದ ಬಂದ ಬ್ರಾಂಡೆಡ್ ಟವರ್, ಹೆಸರು ಬೇಡ. ಡಿಟಿಪಿಗೆ ಧಾರಾಳ ಸಾಕು, ಆದ್ರೆ ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್ ಹಾಕಿದ್ರೆ ಉಸಿರು ಕಟ್ತಿತ್ತು. ಆಗ ಬೆಂಗಳೂರಲ್ಲಿರುವ ಭಾವನ ಮಗ ಅವನ ಹಳೇ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ ಕಾರ್ಡು ಕೊಟ್ಟ, ಫ್ರೀಯಾಗಿ. ಈ ಫ್ರೀ ಕಾರ್ಡಿಂದಲೇ ನನ್ನ ಖರ್ಚು ಶುರುವಾದದ್ದು.

ಆ ಕಾರ್ಡಿಗೆ 125 ವ್ಯಾಟ್ ಬೇಕು. ಮದರ್‌ಬೋರ್ಡಿನ ಸ್ಲಾಟ್ ಕೊಡುದು ಹೆಚ್ಚಂದ್ರೆ 75, ಉಳಿದದ್ದಕ್ಕೆ ಕಾರ್ಡಿನ ತಲೆಗೆ 8 ಪಿನ್ನಿನ ಬೇರೆ ವೈರು. ನನ್ನ ಟವರಿನ ಎಸ್‌ಎಂಪಿಎಸ್ 290 ವ್ಯಾಟ್, ಆ ವೈರು ಅದರಲ್ಲಿ ಇಲ್ವೇ ಇಲ್ಲ. ಇಲ್ಲೇ ಒಬ್ರು ರಿಪೇರಿಯವರು “ಅದಕ್ಕೆಲ್ಲ ತಲೆ ಕೆಡಿಸ್ಬೇಡಿ, ಕನ್ವರ್ಟರ್ ಉಂಟು” ಅಂತ ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರಿಂದ 8 ಪಿನ್ ಮಾಡುವ ತುಂಡು ವೈರು ಸಿಕ್ಕಿಸಿ ಕೊಟ್ರು, 150 ರೂಪಾಯಿ. ಹತ್ತು ದಿನ ನಡೀತು. ಹನ್ನೊಂದನೇ ರಾತ್ರಿ ನಾನು ಕುಂಬಳೆ ಕಡೆಯ ಒಂದು ಬಯಲಾಟದ ವಿಡಿಯೋ ಎಡಿಟ್ ಮಾಡ್ತಾ ಇದ್ದೆ, ಸ್ಕ್ರೀನಲ್ಲಿ ಮಹಿಷಾಸುರ ದೊಂದಿ ಹಿಡ್ಕೊಂಡು ಸಭೆಯ ಮಧ್ಯದಿಂದ ಅಬ್ಬರಿಸಿಕೊಂಡು ಬರ್ತಾ ಇದ್ದಾನೆ, ಇಲ್ಲಿ ಮೂಗಿಗೆ ಸುಟ್ಟ ವಾಸನೆ. ಒಂದು ಕ್ಷಣ ನಿಜವಾಗಿ ಅರ್ಥ ಆಗ್ಲಿಲ್ಲ. ಮತ್ತೆ ನೋಡಿದ್ರೆ ಮೇಜಿನ ಅಡಿಯಿಂದ.

ಕೂಡ್ಲೆ ಸ್ವಿಚ್ಚು ತೆಗ್ದು ಬಾಗಿಲು ಬಿಚ್ಚಿದೆ. ಸಾಟಾ ಕನೆಕ್ಟರಿನ ಒಂದು ಬದಿಯ ಪ್ಲಾಸ್ಟಿಕ್ಕು ಕರಗಿ ಬೆಲ್ಲದ ಪಾಕದ ಹಾಗೆ ಕಂದು ಬಣ್ಣಕ್ಕೆ ಬಂದು ವೈರಿಗೆ ಅಂಟಿತ್ತು, ಕೈಯಲ್ಲಿ ಎಳೆದ್ರೆ ಬರ್ಲಿಲ್ಲ, ಕಟ್ಟಿಂಗ್ ಪ್ಲೇಯರ್ ಬೇಕಾಯ್ತು. ಲೆಕ್ಕ ಆಮೇಲೆ ಗೊತ್ತಾದದ್ದು: ಸಾಟಾ ಪವರಿನಲ್ಲಿ 12 ವೋಲ್ಟಿಗೆ ಇರುದು ಮೂರೇ ಪಿನ್ನು, ಒಂದಕ್ಕೆ ಒಂದೂವರೆ ಆಂಪ್, ಒಟ್ಟು ನಾಲ್ಕೂವರೆ ಆಂಪ್, ಅಂದ್ರೆ 54 ವ್ಯಾಟ್. 8 ಪಿನ್ ವೈರು ಎಳೀಬಹುದಾದದ್ದು 150. ತೋಟದ ಹನಿ ನೀರಾವರಿ ಪೈಪಿಗೆ ಐದು ಎಚ್‌ಪಿ ಪಂಪು ಸಿಕ್ಕಿಸಿದ ಹಾಗೆ. ಕಾರ್ಡು ಉಳೀತು, ಹಾರ್ಡ್‌ಡಿಸ್ಕೂ ಉಳೀತು, ದೇವರು ದೊಡ್ಡವ.

ಸರಿ, ಹೊಸ ಎಸ್‌ಎಂಪಿಎಸ್ಸೇ ಬೇಕು ಅಂತಾಯ್ತು. ಕಾಸರಗೋಡಲ್ಲಿ ಒಂದು ಅಂಗಡಿಯಲ್ಲಿ 500 ವ್ಯಾಟಿನದ್ದು 750 ರೂಪಾಯಿಗೆ ತೋರಿಸಿದ್ರು, ಅವರು ಮಲಯಾಳದಲ್ಲಿ ಹೇಳುದು, ನಾನು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಕೇಳುದು. ಕೈಗೆ ತೆಗೊಂಡ್ರೆ ಖಾಲಿ ತಿಂಡಿ ಡಬ್ಬಿಯಷ್ಟು ಹಗುರ. ಮೇಲಿನ ಸ್ಟಿಕ್ಕರಲ್ಲಿ 500 ಅಂತ ದೊಡ್ಡದಾಗಿ ಉಂಟು, ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿನ ಎದುರು ಬರೆದ ಆಂಪನ್ನು 12ರಿಂದ ಗುಣಿಸಿದ್ರೆ 200 ಕೂಡ ದಾಟುದಿಲ್ಲ. ಪ್ರೊಸೆಸರ್, ಗ್ರಾಫಿಕ್ ಕಾರ್ಡ್ ಎರಡೂ ತಿನ್ನುದು ಈ 12 ವೋಲ್ಟನ್ನೇ, ಹಾಗಾಗಿ ಆ ದೊಡ್ಡ ನಂಬ್ರ ನಂಬ್ಲಿಕ್ಕೇ ಹೋಗ್ಬೇಡಿ. ವಾಪಸ್ ಕೊಟ್ಟು, ಮರುದಿನ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಸಿವಿ550 ತಂದೆ, 3,900 ರೂಪಾಯಿ, ಬಿಲ್ಲು ಸಮೇತ. ಮೊದಲಾದ್ರೆ ಕೇರಳ ಗಡಿಯ ತಲಪಾಡಿ ಚೆಕ್‌ಪೋಸ್ಟಲ್ಲಿ ಎಂತ ಕೇಳ್ತಾರೋ ಅಂತ ಹೆದರಿಕೆ ಇತ್ತು, 2017ರಲ್ಲಿ ಜಿಎಸ್‌ಟಿ ಬಂದ್ಮೇಲೆ ಆ ರಗಳೆ ಇಲ್ಲ.

ಈಗ ಮುಖ್ಯ ವಿಷಯ. ಎಲ್ಲ ಅಂಗಡಿಯ ಎಸ್‌ಎಂಪಿಎಸ್ಸಿನಲ್ಲಿ ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರ್ 24 ಪಿನ್ನಿಂದು. ನನ್ನ ಬೋರ್ಡಲ್ಲಿ ಇದ್ದದ್ದು 8. ಈ ಆಫೀಸ್ ಸೆಟ್ಟುಗಳು ಒಂದೊಂದು ಒಂದೊಂದು ಥರ, ಒಬ್ಬರದ್ದು 6, ಒಬ್ಬರದ್ದು 8, ಇನ್ನೊಬ್ಬರದ್ದು 10, 14 ಕೂಡ ಉಂಟು. ಸುಮಾರು 2000ದ ಆಸುಪಾಸಿನ ಕೆಲವು ಡೆಲ್ ಸೆಟ್ಟುಗಳಲ್ಲಂತೂ ಕನೆಕ್ಟರ್ ನೋಡ್ಲಿಕ್ಕೆ ಮಾಮೂಲಿಯದ್ದೇ, ಒಳಗಿನ ವೈರು ಮಾತ್ರ ಅದಲು ಬದಲು, ಗೊತ್ತಿಲ್ಲದೆ ಸಿಕ್ಕಿಸಿದವರದ್ದು ಬೋರ್ಡೇ ಹೋಗ್ತಿತ್ತು. ಇದೆಲ್ಲ ನಾನು ಓದಿದ್ದು ಎಸ್‌ಎಂಪಿಎಸ್ ಮನೆಗೆ ತಂದ ಮೇಲೆ. ಬಾಗಿಲು ಬಿಚ್ಚಿ ನೋಡಿ ಮತ್ತೆ ಬಸ್ಸು ಹತ್ಬೇಕಿತ್ತು, ನಾನು ಉಲ್ಟಾ ಮಾಡಿದೆ. ಮತ್ತೆ 24ರಿಂದ 8ಕ್ಕೆ ಅಡಾಪ್ಟರ್ ಆನ್‌ಲೈನಲ್ಲಿ ಆರ್ಡರ್ ಮಾಡಿ ಆರು ದಿನ ಕಾದೆ, 420 ರೂಪಾಯಿ. ನಿಮ್ಮ ಮಾಡೆಲ್ ನಂಬ್ರ ಹಾಕಿಯೇ ಹುಡುಕಿ, 8 ಪಿನ್ ಅಂದ ಕೂಡ್ಲೆ ಯಾವುದೂ ಆಗ್ತದೆ ಅಂತಿಲ್ಲ.

ಕಾಯುವಾಗ ಎಸ್‌ಎಂಪಿಎಸ್ ಒಂದನ್ನೇ ಟೆಸ್ಟ್ ಮಾಡಿದೆ, 24 ಪಿನ್ನಿನಲ್ಲಿ ಹಸಿರು ವೈರಿಗೂ ಪಕ್ಕದ ಕಪ್ಪಿಗೂ ಪೇಪರ್ ಕ್ಲಿಪ್ಪಲ್ಲಿ ಸೇತುವೆ ಕಟ್ಟಿ ಸ್ವಿಚ್ ಹಾಕಿದ್ರೆ ಫ್ಯಾನು ತಿರುಗ್ಬೇಕು, ತಿರುಗಿತು. ಸಿವಿಯಲ್ಲಿ ವೈರೆಲ್ಲ ಕಪ್ಪು, ಬಣ್ಣ ನೋಡಿ ಗೊತ್ತಾಗುದಿಲ್ಲ, ಕೊಂಡಿ ಇರುವ ಬದಿಯ ಸಾಲಿನ ನಂಬ್ರ 13ರಿಂದ ಶುರು, ಅದರಲ್ಲಿ ಎಣಿಸಿ 16ನೇ ಪಿನ್ನು. ಎಣಿಸುವ ಧೈರ್ಯ ಇಲ್ಲದಿದ್ರೆ ಮಾಡ್ಲೇಬೇಡಿ. ಹಳೇ ಎಸ್‌ಎಂಪಿಎಸ್ಸಿನ ಡಬ್ಬಿ ಬಿಚ್ಚುವ ಕುತೂಹಲವೂ ಬೇಡ, ಪ್ಲಗ್ ತೆಗ್ದ ಮೇಲೂ ಕೆಪಾಸಿಟರಲ್ಲಿ ಕರೆಂಟು ಉಳೀತದೆ.

ಕೂರಿಸುವಾಗ ಸಿವಿ550 ಗೆದ್ದದ್ದು ಅದರ ಉದ್ದದಲ್ಲಿ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 140 ಮಿಲಿಮೀಟರ್ ಅಥವಾ ಜಾಸ್ತಿ, ಇದು 125. ನನ್ನ ಟವರಿನ ಒಳಗೆ ಹಳೆಯದನ್ನು ತಡೆದು ನಿಲ್ಲಿಸ್ಲಿಕ್ಕೆ ಒಂದು ತಗಡಿನ ನಾಲಗೆ ಉಂಟು, ಅದಕ್ಕೆ ಒರಸಿಕೊಂಡು ಒಳಗೆ ಹೋಯ್ತು, ಇನ್ನೊಂದು ಸ್ವಲ್ಪ ಉದ್ದ ಇದ್ರೆ ತಗಡು ಕತ್ತರಿಸ್ಬೇಕಿತ್ತು. ಹಿಂದಿನ ನಾಲ್ಕು ಸ್ಕ್ರೂನಲ್ಲಿ ಮೂರು ಸರಿಯಾಗಿ ಕೂತಿತು, ಒಂದು ಓರೆ, ಬಿಟ್ಟೆ. ಪ್ರೊಸೆಸರಿನ ವೈರು 4+4 ಅಂತ ಎರಡು ಹೋಳಾಗ್ತದೆ, ನನ್ನ ಬೋರ್ಡಿಗೆ ಒಂದೇ ಹೋಳು ಸಾಕು, ಇನ್ನೊಂದು ಸುಮ್ಮನೆ ನೇತಾಡ್ತಾ ಉಂಟು. ವೈರುಗಳನ್ನು ಬಿಚ್ಚಿ ಇಡ್ಲಿಕ್ಕೆ ಆಗುವ ಮಾಡೆಲ್ ಅಲ್ಲ ಇದು, ಬೇಡದ್ದನ್ನೂ ಡಬ್ಬಿಯೊಳಗೇ ತುರುಕ್ಬೇಕು. ಸಣ್ಣ ಟವರಲ್ಲಿ ಅದು ದೋಸೆ ಡಬ್ಬಿಗೆ ಹಾಸಿಗೆ ತುಂಬಿಸಿದ ಹಾಗೆ, ಸಿಡಿ ಡ್ರೈವ್ ತೆಗ್ದು ಆ ಜಾಗಕ್ಕೆ ಎಲ್ಲ ಸುತ್ತಿ ಇಟ್ಟೆ. ಅರ್ಧ ಮಾರ್ಕು ಕಡಿಮೆ ಮಾಡಿದ್ದು ಇದಕ್ಕೇ.

ಆನ್ ಆಯ್ತು, ಸಂತೋಷ ಆಯ್ತು, ಒಂದು ವಾರಕ್ಕೆ ಯುಪಿಎಸ್ ಕಿರುಚ್ಲಿಕ್ಕೆ ಶುರು. ಇದು ಯಾರೂ ಹೇಳದ ವಿಷಯ. ರೆಂಡರ್ ಮಾಡುವಾಗ, ಅಂದ್ರೆ ಎಡಿಟ್ ಆದದ್ದನ್ನು ಕೊನೆಯ ವಿಡಿಯೋ ಮಾಡಿ ತೆಗೆಯುವಾಗ, ಒಳಗೆ ಸುಮಾರು 260 ವ್ಯಾಟ್ ಬೇಕು, ಇದರ ಹಾಗಿನ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಅರ್ಧ ಲೋಡಲ್ಲಿ 85 ಶೇಕಡಾ ದಕ್ಷತೆ ಅಂದ್ರೆ ಗೋಡೆಯಿಂದ ಎಳೆಯುದು 300ರ ಮೇಲೆ, ಮಾನಿಟರ್ ಸೇರಿದ್ರೆ 330. ನನ್ನ 600 ವಿಎ ಯುಪಿಎಸ್ ಕೊಡುದು 360 ವ್ಯಾಟ್, ಅದೂ ಬ್ಯಾಟರಿ ಹೊಸದಿದ್ದಾಗ. ತುಲಾ ತಿಂಗಳ ಗುಡುಗಿಗೆ ಕರೆಂಟು ಹೋದ ಕೂಡ್ಲೆ ಒಂದು ಸಲ ಕೀಂಯ್ ಅಂತ ಎಲ್ಲ ಆಫ್. ಮತ್ತೆ 1000 ವಿಎದ್ದು ತೆಗೊಂಡೆ. ಫ್ರೀ ಕಾರ್ಡಿಗೆ ಎಷ್ಟಾಯ್ತು ಅಂತ ಮನೆಯಲ್ಲಿ ಕೇಳ್ತಾ ಇದ್ದಾರೆ, ನಾನು ಲೆಕ್ಕ ಹೇಳ್ಲಿಲ್ಲ.

ಎಂಟು ತಿಂಗಳಾಯ್ತು. ಸಂಜೆ ಆಚೀಚೆ ತೋಟದವರೆಲ್ಲ ಒಟ್ಟಿಗೆ ಪಂಪು ಬಿಟ್ರೆ ಟ್ಯೂಬ್‌ಲೈಟು ಮಿಣುಕ್ತದೆ, ಮೊದಲು ಆ ಹೊತ್ತಿಗೆ ಸೆಟ್ಟು ರೀಸ್ಟಾರ್ಟ್ ಆಗ್ತಿತ್ತು, ಈಗ ಒಂದು ಸಲವೂ ಆಗ್ಲಿಲ್ಲ. ಫ್ಯಾನಿನ ಸದ್ದು ಏಪ್ರಿಲ್ ಸೆಕೆಯಲ್ಲಿ ರೆಂಡರಿಗೆ ಬಿಟ್ಟಾಗ ಮಾತ್ರ ಕೇಳ್ತದೆ, ಚೆಂಡೆ ಕೇಳಿ ಕೇಳಿ ಕಿವಿ ಹೋದವನಿಗೆ ಅದು ಲೆಕ್ಕಕ್ಕಿಲ್ಲ. ವಾರಂಟಿ 3 ವರ್ಷ, ಇನ್ನೂ ಸ್ವಲ್ಪ ದುಡ್ಡು ಹಾಕಿದ್ರೆ ಇದೇ ಕಂಪೆನಿಯ ಸಿಎಕ್ಸ್‌ಗೆ 5 ವರ್ಷ ಸಿಗ್ತದೆ, ಜಾಗ ಇದ್ದವರು ಅದನ್ನು ನೋಡಿ.

ಹಳೇ 290 ವ್ಯಾಟಿಂದು ಕರಗಿದ ವೈರು ಕತ್ತರಿಸಿ ಟೇಪ್ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ, ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ 8 ಪಿನ್ನಿಂದು, ನಡೀತದೆ. ಬದಿಯಡ್ಕ, ಪೆರ್ಲ ಕಡೆ ಯಾರಿಗಾದ್ರೂ ಬೇಕಾದ್ರೆ ಕೇಳಿ, ದುಡ್ಡು ಬೇಡ, ಬಂದು ತೆಗೊಂಡು ಹೋಗ್ಬೇಕು ಅಷ್ಟೆ.