ಮೂಡಲ್ ಪುಕ್ಕಟೆ ಸಿಗುತ್ತೆ ಅಂತ ಸರ್ವಿಸ್ ಶುರುಮಾಡುವ ಮುಂಚೆ

ಮೂಡಲ್ ಅನ್ನುವ, ಆನ್‌ಲೈನಿನಲ್ಲಿ ಪಾಠ, ಅಸೈನ್‌ಮೆಂಟ್, ಮಾರ್ಕ್ಸ್ ನಡೆಸುವ ಸಾಫ್ಟ್‌ವೇರ್ ಹಾಕಿಕೊಟ್ಟು ಕಾಲೇಜುಗಳಿಂದ ನಾಲ್ಕು ಕಾಸು ಮಾಡೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ದಯವಿಟ್ಟು ಅದರ ಮೂಲ ಫೈಲುಗಳಿಗೆ ಕೈ ಹಾಕಬೇಡಿ. ನಾನು ಹಾಕಿ ಕೆಟ್ಟಿದ್ದೇನೆ.

2020ರಲ್ಲಿ ಕಾಲೇಜುಗಳೆಲ್ಲ ಬಾಗಿಲು ಮುಚ್ಚಿದಾಗ ನಾನೂ ನನ್ನ ಗೆಳೆಯನೂ ಸೇರಿ ಒಂದು ಕಾಲೇಜಿಗೆ ಮೂಡಲ್‌ನ 3.9 ಆವೃತ್ತಿ ಹಾಕಿಕೊಟ್ಟೆವು. (ಅಲ್ಲಿನ ಪ್ರಿನ್ಸಿಪಾಲರು ಅದನ್ನು ನಮ್ಮ ಮೂಡಲ ದಿಕ್ಕು ಅಂತಲೇ ತಿಳಿದಿದ್ದರು. ಹೆಸರು ಚೆನ್ನಾಗಿಟ್ಟಿದ್ದೀರಿ ಅಂತ ಹೊಗಳಿದರು. ನಾವೂ ಸುಮ್ನೆ ಇದ್ದುಬಿಟ್ಟೆವು.) ಸಾಫ್ಟ್‌ವೇರ್ ಪುಕ್ಕಟೆ, ಸರ್ವರ್ ಬಾಡಿಗೆ ತಿಂಗಳಿಗೆ ಎರಡೂವರೆ ಸಾವಿರ, ಮಿಕ್ಕಿದ್ದೆಲ್ಲ ಲಾಭ. ನಮ್ಮ ಲೆಕ್ಕ ಅಷ್ಟೇ.

ಇಂಟರ್ನಲ್ ಮಾರ್ಕ್ಸ್ ತಮ್ಮ ರಿಜಿಸ್ಟರಿನಲ್ಲಿ ಇರುವ ಹಾಗೇ ಕಾಣಬೇಕು ಅಂದರು. ಅದಕ್ಕೊಂದು ಪ್ಲಗಿನ್, ಅಂದರೆ ಮೂಲ ಫೈಲು ಮುಟ್ಟದೆ ಪಕ್ಕದಲ್ಲಿ ಸೇರಿಸುವ ಕೋಡ್, ಬರೆಯಬೇಕಿತ್ತು. ಎರಡು ವಾರದ ಕೆಲಸ. ನಾನು ಮಾರ್ಕ್ಸ್ ತೋರಿಸುವ ಗ್ರೇಡ್‌ಬುಕ್ಕಿನ ಮೂಲ ಫೈಲುಗಳನ್ನೇ ತೆರೆದು ಒಂದೇ ಸಂಜೆಯಲ್ಲಿ ತಿದ್ದಿಬಿಟ್ಟೆ. ಆಮೇಲೆ ರೋಲ್ ನಂಬರಿಗೆ ಅಲ್ಲೊಂದು ಸಾಲು, ಹಾಜರಿಗೆ ಇಲ್ಲೊಂದು ಸಾಲು. ಎಲ್ಲೆಲ್ಲಿ ತಿದ್ದಿದೆ ಅಂತ ಬರೆದಿಡಲಿಲ್ಲ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೂ ಹಾಕಲಿಲ್ಲ.

2023ರ ಡಿಸೆಂಬರಿಗೆ 3.9ಕ್ಕೆ ಸೆಕ್ಯುರಿಟಿ ಪ್ಯಾಚ್ ಬರುವುದು ನಿಂತಿತು. 4.1ಕ್ಕೆ ಹೋಗದೆ ಗತಿಯಿಲ್ಲ. ಅದಕ್ಕೆ ಸರ್ವರಿನಲ್ಲಿ ಕನಿಷ್ಠ ಪಿಎಚ್‌ಪಿ (ಮೂಡಲ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) 7.4 ಬೇಕು, ನಮ್ಮಲ್ಲಿದ್ದದ್ದು 7.2. ಹೊಸ ಸರ್ವರ್ ತಗೊಂಡು ಹೊಸ ಕೋಡ್ ಹಾಕಿದೆ. ಹೊಸ ಫೈಲು ಬಂದಮೇಲೆ ನನ್ನ ತಿದ್ದುಪಡಿ ಎಲ್ಲಿ ಉಳಿಯುತ್ತದೆ, ಅಲ್ವಾ? ರಿಜಿಸ್ಟರ್ ಮಾಯ. ಹಳೇ ಫೈಲನ್ನೇ ತಂದು ಅದರ ಜಾಗದಲ್ಲಿಟ್ಟೆ. ಪುಟವೇ ಖಾಲಿ. ರಾತ್ರಿ ಎರಡು ಗಂಟೆಯವರೆಗೆ ಆ ಬಿಳಿ ಪುಟ ನೋಡುತ್ತಾ ಕೂತಿದ್ದೆ.

ಬೆಳಗ್ಗೆ ಇನ್ನೂ ದೊಡ್ಡ ಪೆಟ್ಟು. ಅಸೈನ್‌ಮೆಂಟ್ ಪಟ್ಟಿ ಇದೆ, ಮಕ್ಕಳ ಹೆಸರಿದೆ, ಕ್ಲಿಕ್ ಮಾಡಿದರೆ ಫೈಲೇ ಇಲ್ಲ. ಮೂಡಲ್‌ನಲ್ಲಿ ಫೈಲಿನ ಹೆಸರು, ಯಾರು ಹಾಕಿದ್ದು, ಯಾವಾಗ ಹಾಕಿದ್ದು ಇದೆಲ್ಲ ಡೇಟಾಬೇಸಿನಲ್ಲಿ ಇರುತ್ತದೆ. ಫೈಲು ಮಾತ್ರ ಮೂಡಲ್‌ಡೇಟಾ ಅನ್ನುವ ಬೇರೆ ಫೋಲ್ಡರಿನಲ್ಲಿ, ನಲವತ್ತು ಅಕ್ಷರದ ಹ್ಯಾಶ್ ಹೆಸರಿನಲ್ಲಿ (ಫೈಲಿನ ಒಳಗಿರುವುದನ್ನು ಲೆಕ್ಕ ಹಾಕಿ ಕೊಡುವ ಸಂಕೇತ) ಕೂತಿರುತ್ತದೆ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು. ನಾನು ಇಷ್ಟು ವರ್ಷ ಬ್ಯಾಕಪ್ ತೆಗೆದದ್ದು ಡೇಟಾಬೇಸಿಗೆ ಮಾತ್ರ. ಎರಡೆರಡು ಸರ್ವರಿಗೆ ಬಾಡಿಗೆ ಯಾಕೆ ಅಂತ ಹಳೇದನ್ನು ಹಿಂದಿನ ದಿನವೇ ಡಿಲೀಟ್ ಮಾಡಿದ್ದೆ. ಮೂರು ವರ್ಷದ ಪ್ರಾಜೆಕ್ಟ್ ರಿಪೋರ್ಟುಗಳು ಹೋದವು.

ಕಾಗದಪತ್ರದಲ್ಲೂ ಎಡವಿದ್ದೆವು. ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನದ್ದು, ಯಾರು ಬೇಕಾದರೂ ಅದರ ಮೇಲೆ ದುಡಿಯಬಹುದು. ಆದರೆ ಮೂಡಲ್ ಅನ್ನುವ ಹೆಸರು ಟ್ರೇಡ್‌ಮಾರ್ಕ್. ನಾವು ವಿಸಿಟಿಂಗ್ ಕಾರ್ಡಿನಲ್ಲಿ 'ಮೂಡಲ್ ಹೋಸ್ಟಿಂಗ್' ಅಂತ ಹಾಗೇ ಅಚ್ಚು ಹಾಕಿಸಿದ್ದೆವು, ಅನುಮತಿ ಇಲ್ಲದೆ. ಒಪ್ಪಂದದಲ್ಲಿ 'ಸಾಫ್ಟ್‌ವೇರ್ ನಮ್ಮ ಸ್ವತ್ತು' ಅಂತ ಬೇರೆ ಬರೆದಿದ್ದೆವು. ಗ್ರಾಹಕರ ಸ್ವಂತ ಸರ್ವರಿಗೇ ಹಾಕಿಕೊಟ್ಟರೆ ಮೂಲ ಕೋಡ್ ಪಡೆಯುವ ಹಕ್ಕು ಅವರಿಗಿದೆ. ಇದು ಗೊತ್ತಿರುವ ಲೆಕ್ಚರರ್ ಒಬ್ಬರು ಮೀಟಿಂಗಿನಲ್ಲಿ ಕೇಳಿದಾಗ ನನ್ನ ಮುಖ ನೋಡಬೇಕಿತ್ತು.

ಆ ಕಾಲೇಜಿಗೆ ಒಂದು ವರ್ಷದ ಹಣ ವಾಪಸ್ ಕೊಟ್ಟೆವು. ಗೆಳೆಯ ಬೇರೆ ಕೆಲಸಕ್ಕೆ ಹೋದ. ಈಗ ನಾನೊಬ್ಬನೇ ಒಂದು ಕೋಚಿಂಗ್ ಸೆಂಟರಿಗೆ 4.5 ನಡೆಸುತ್ತಿದ್ದೇನೆ. "ಆ ಬಟನ್ ಸ್ವಲ್ಪ ಎಡಕ್ಕೆ ತನ್ನಿ ಸರ್" ಅಂದರೆ ಚೈಲ್ಡ್ ಥೀಮ್‌ನಲ್ಲಿ (ಮೂಲ ಫೈಲು ಮುಟ್ಟದೆ ನೋಟ ಬದಲಿಸುವ ಪ್ರತ್ಯೇಕ ಫೈಲುಗಳು) ಆಗುತ್ತಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಆಗಲ್ಲ ಅಂದುಬಿಡುತ್ತೇನೆ.